ಕೆಳಬೀದಿಯ ಮೀಟರು

ಮೀಟರು ಸುಳ್ಳು ಹೇಳುವುದಿಲ್ಲ ಎಂದು ಊರ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದವನು ಪ್ರಭುಸ್ವಾಮಿ. ತಾಳವಾಡಿಯಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟವನ ಮಾತಿಗೆ ಎದುರಾಡುವವರು ಯಾರು? ಊರಿನ ಎರಡು ಬೀದಿಗೂ ಒಂದೇ ಬೋರ್‌ವೆಲ್. ಎರಡು ಪೈಪಿಗೂ ಮೀಟರು ಕೂಡಿಸಿದವನು ಅವನೇ. ತನ್ನ ಮೇಲುಬೀದಿಗಿಂತ ಕೂಲಿಯವರ ಕೆಳಬೀದಿ ಎರಡು ಪಟ್ಟು ನೀರು ಬಳಸುತ್ತಿದೆ ಎಂದು ಓದಿ ಹೇಳಿದವನೂ ಅವನೇ. ಅಂದಿನಿಂದ ಕೆಳಬೀದಿಗೆ ದಿನ ಬಿಟ್ಟು ದಿನ ನೀರು.

ಕೆಳಬೀದಿಯ ವಾಲ್ವ್ ತಿರುಗಿಸುವ ಮಾದೇವಮ್ಮ ಒಬ್ಬಳೇ ಎದ್ದು, "ನಮ್ಮೋರು ನೀರ ಚೆಲ್ಲದಿಲ್ಲ ಬುದ್ದಿ" ಎಂದಿದ್ದಳು.

"ಅಂಗಾರೆ ಮೀಟ್ರೇ ಕುಡ್ಕತದಾ?" ಎಂದು ಪ್ರಭುಸ್ವಾಮಿ ಸಭೆಯನ್ನು ನಗಿಸಿದ್ದ. ಅವಳು ಸೆರಗು ಹೊದ್ದು ಕೂತುಬಿಟ್ಟಿದ್ದಳು.

ಮೊನ್ನೆಯ ಸಿಡಿಲಿಗೆ ಕೆಳಬೀದಿಯ ಮೀಟರಿನ ಲೆಕ್ಕ ತೋರಿಸುವ ಡಬ್ಬಿ ಸುಟ್ಟುಹೋಯಿತು. ಪ್ರಭುಸ್ವಾಮಿ ಹೊಸದನ್ನು ತಂದು ಕೂಡಿಸಿದ. ಪೈಪಿನೊಳಗಿನ ಚಕ್ರ ತಿರುಗಿದಂತೆಲ್ಲ ಅಲ್ಲಿನ ಸೆನ್ಸರಿನಿಂದ ಡಬ್ಬಿಗೆ ಪಲ್ಸ್ ಎಂಬ ಮಿಡಿತ ಹೋಗುತ್ತದೆ; ಒಂದು ಲೀಟರಿಗೆ ಎಷ್ಟು ಪಲ್ಸ್ ಎಂದು ನಾವೇ ಒತ್ತಿ ಹೇಳಬೇಕು. ಮೇಲುಬೀದಿಯ ಸಂಖ್ಯೆಯನ್ನೇ ಒತ್ತಿ, ಇಪ್ಪತ್ತು ಲೀಟರಿನ ಹಾಲಿನ ಕ್ಯಾನ್ ತುಂಬಿಸಿ ನೋಡಿದ. ಡಬ್ಬಿ ನಲವತ್ತು ತೋರಿಸಿತು. ಪೈಪಿನ ಕೆಸರು ಒರೆಸಿ ಸೆನ್ಸರಿನ ಮೇಲಿದ್ದ ಅಂಕಿ ಓದಿದ. ಮೊದಲು ಮೀಟರು ಕೂಡಿಸಿದಾಗ ಅಂಗಡಿಯಲ್ಲಿ ಒಂದೇ ಥರದ ಸೆನ್ಸರು ಸಿಗದೆ ಇಲ್ಲಿಗೆ ಬೇರೆ ಕಂಪನಿಯದು ಹಾಕಿದ್ದ. ಇದರದು ಲೀಟರಿಗೆ ಎರಡರಷ್ಟು ಪಲ್ಸ್. ಅಂದು ಓದುವ ವ್ಯವಧಾನವಿಲ್ಲದೆ ಎರಡಕ್ಕೂ ಒಂದೇ ಸಂಖ್ಯೆ ಒತ್ತಿ ಊಟಕ್ಕೆ ಹೋಗಿದ್ದ.

ಸರಿಯಾದ ಸಂಖ್ಯೆ ಒತ್ತಿದ. ಕ್ಯಾನಿಗೆ ಇಪ್ಪತ್ತೇ ಬಂತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ನೆಲ ಡೊಂಕು ಅನ್ನೋಣವೆಂದರೆ ಕುಣಿದವನು ತಾನೇ. ಯಾರಿಗೂ ಹೇಳದೆ ಮುಚ್ಚಳ ಹಾಕಿ ಹೋಗಿಬಿಡಲೇ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ಮಾದೇವಮ್ಮ ಕೊಡ ಹಿಡಿದು ಬಂದಳು.

"ಈಗ ಕಮ್ಮಿ ತೋರುಸ್ತದಾ ಬುದ್ದಿ? ನೀವಂದ ಮ್ಯಾಲೆ ಬೀದಿಯೋರ್ನೆಲ್ಲ ಬೈದು ಬೈದು ಕಮ್ಮಿ ಮಾಡ್ಸಿವ್ನಿ. ನಮ್ ಮಮತನ ಬಾಣಂತನಕ್ಕೂ ಅರ್ಧ ಅಂಡೆ ನೀರೇ ಉಯ್ದೆ. ಮಗಳ್ಗೆ ಅಂತ ಜಾಸ್ತಿ ಉಯ್ದ್ರೆ ನಾಕು ಜನ ಆಡ್ಕಳದಿಲ್ವ?"

ಪ್ರಭುಸ್ವಾಮಿಗೆ ತಲೆ ಎತ್ತಲಾಗಲಿಲ್ಲ. ಬಾಣಂತಿಗೆ ನೀರು ಕಮ್ಮಿಯಾದರೆ ಸೊಂಟ ಸಾಯುವ ತನಕ ನೋಯುತ್ತದೆ ಎಂದು ಅವನ ತಾಯಿ ವಿಶಾಲಾಕ್ಷಮ್ಮ ಹೇಳುತ್ತಿದ್ದಳು. ಅವನ ಹೆಂಡತಿಯ ಬಾಣಂತನದಲ್ಲಿ ಹಿತ್ತಲ ಒಲೆಯ ಮುಂದೆ ಕೂತು ಹಂಡೆಗಟ್ಟಲೆ ನೀರು ಕಾಯಿಸಿಕೊಟ್ಟವಳು ಇದೇ ಮಾದೇವಮ್ಮ.

"ತೆಪ್ಪು ನಂದು ಮಾದೇವಮ್ಮ" ಎಂದ. "ನಂಬರ ತೆಪ್ಪಾಗಿ ಒತ್ತಿದ್ದೆ. ಮೀಟ್ರು ಒಂದ್ಕೆರಡು ತೋರುಸ್ತಿತ್ತು. ನಿಮ್ ಬೀದಿಯೋರು ನಮ್ಮಷ್ಟೇ ನೀರ ಬಳ್ಸಿರದು. ಸಬೇಲೇ ಯೋಳ್ತೀನಿ. ನಾಳಿಂದ ದಿನಾ ನೀರು ಬುಡುಸ್ತೀನಿ."

ಬೈದಿದ್ದರೆ ಅವನಿಗೆ ಎಷ್ಟೋ ವಾಸಿ ಇತ್ತು. ಅವಳು ಕೊಡ ಸೊಂಟಕ್ಕೇರಿಸಿದಳು.

"ಬುಡ್ಸಿ ಬುದ್ದಿ" ಎಂದಳು. "ಬಾಣಂತನ ಮುಗ್ದೋಯ್ತು."