ಡ್ರಮ್ಮಿನ ತಳದ ನಾಲ್ಕು ಡಿಗ್ರಿ

ಊರಿನ ಐಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಹುಲಗಪ್ಪನಿಗೆ ನೀರು ಹೇಗೆ ಹೆಪ್ಪುಗಟ್ಟುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪುನೀರಿನ ತಣ್ಣನೆಯ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬದೊಳಗೆ ಐಸಿನ ಗಡ್ಡೆ ಸುತ್ತಲಿಂದ, ತಳದಿಂದ ಬೆಳೆಯುತ್ತ ಬಂದು ನಡುವಿನ ನೀರನ್ನೆಲ್ಲ ನುಂಗುತ್ತದೆ. ಆಮೇಲೆ ಅಲ್ಲಿ ಒಂದು ಹನಿಯೂ ಅಲುಗುವುದಿಲ್ಲ.

ಆದ್ದರಿಂದ, ಬಿ.ಎಸ್ಸಿ. ಮುಗಿಸಿದ ಮಗಳು ಭಾಗ್ಯಾ, ಲಡಾಖಿನಲ್ಲಿ ಹೆಪ್ಪುಗಟ್ಟಿದ ಸರೋವರದ ಮೀನು ಎಣಿಸುವ ಕೆಲಸ ಸಿಕ್ಕಿದೆ ಎಂದಾಗ ಅವನು ನಂಬಲಿಲ್ಲ.

“ಬರ್ಫದಾಗ ಮೀನ ಎಲ್ಲಿಂದ ಬರ್ತಾವ? ಯಾವನೋ ಏಜೆಂಟ್ ನಿನಗ ಟೋಪಿ ಹಾಕಾಕತ್ತಾನ. ಹೋಗಬ್ಯಾಡ.”

“ಇವತ್ತ ಸಂಜೀಕ ಹೂಂ ಅನ್ನಬೇಕಪ್ಪಾ. ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡ್ತಾರ.”

ಬೆಳಗಿನ ಪಾಳಿಗೆ ಅವಳು ಅವನ ಹಿಂದೆಯೇ ಕಾರ್ಖಾನೆಗೆ ಬಂದು, ಥರ್ಮಾಕೋಲ್ ಸುತ್ತಿದ ಎತ್ತರದ ಡ್ರಮ್ಮಿಗೆ ನೀರು ತುಂಬಿಸಿ, ಮೇಲೆ ಐಸಿನ ದೊಡ್ಡ ತುಂಡು ತೇಲಿಬಿಟ್ಟಳು.

“ಹುಲಗಪ್ಪಣ್ಣಾ, ಮಗಳು ಶರಬತ್ತಿನ ಗಾಡಿ ಹಚ್ಚತಾಳೇನು?” ಗಡ್ಡೆ ಎಳೆಯುವ ಅಂಬಾದಾಸ ನಕ್ಕ.

“ಲಿಂಬಿಹಣ್ಣ ನೀ ತಗೊಂಬಾ, ಕಾಕಾ,” ಎಂದಳು ಭಾಗ್ಯಾ.

ಊಟದ ಹೊತ್ತಿಗೆ, ತೊಟ್ಟಿಯ ಥಂಡಿ ಅಳೆಯುವ ಮೀಟರಿನ ವೈರನ್ನು ಅಪ್ಪನ ಕೈಗೇ ಕೊಟ್ಟಳು. ಗಡ್ಡೆಗೆ ತಾಗಿಸಿದರೆ ಸೊನ್ನೆ. ಕೆಳಗೆ ಇನ್ನೂ ಥಂಡಿ ಇರಬೇಕೆಂದುಕೊಂಡು ಹುಲಗಪ್ಪ ವೈರು ಇಳಿಸುತ್ತ ಹೋದ. ಎರಡು, ಮೂರು. ತಳದಲ್ಲಿ ನಾಲ್ಕು. ಮೀಟರು ಕೆಟ್ಟಿದೆಯೆಂದು ತೊಟ್ಟಿಗೆ ಹಾಕಿ ನೋಡಿದ, ಸರಿಯಾಗಿಯೇ ಇತ್ತು. ಡ್ರಮ್ಮಿನ ತಳದಲ್ಲಿ ಮತ್ತೆ ನಾಲ್ಕು.

“ನಾಕಕ್ಕ ಬಂದ ನೀರು ಎಲ್ಲಾಕಿಂತ ಭಾರ, ಅಪ್ಪಾ. ತಳಕ್ಕ ಹೋಗಿ ಕುಂದರ್ತದ. ಅದಕ್ಕಿಂತ ಥಂಡಿ ಆದದ್ದು ಹಗುರಾಗಿ ಮ್ಯಾಲ ಉಳೀತದ, ಅಲ್ಲೇ ಬರ್ಫ ಆಗ್ತದ. ನಿನ್ನ ಡಬ್ಬಕ್ಕ ಸುತ್ತಲಿಂದ ಥಂಡಿ. ಸರೋವರಕ್ಕ ಮ್ಯಾಲಿಂದ ಅಷ್ಟ.”

ಹುಲಗಪ್ಪ ಅಂಗಿಯ ತೋಳು ಮಡಚಿ ಹೆಗಲತನಕ ಕೈ ಇಳಿಬಿಟ್ಟ. ಐಸು ತೇಲುವುದನ್ನು ದಿನವೂ ನೋಡಿದ್ದ. ಅದೇಕೆ ಮುಳುಗುವುದಿಲ್ಲವೆಂದು ಒಂದು ದಿನವೂ ಕೇಳಿರಲಿಲ್ಲ. ಮುಳುಗಿದ್ದರೆ? ಮೊದಲ ಚಳಿಗೇ ಗಡ್ಡೆ ತಳ ಸೇರಿ, ಅದರ ಮೇಲೆ ಮತ್ತೊಂದು ಕೂತು, ಕೆರೆಗೆ ಕೆರೆಯೇ ಕಲ್ಲಾಗುತ್ತಿತ್ತು. ಮುಳುಗುವುದಿಲ್ಲ. ಎಷ್ಟೋ ಸಾವಿರ ವರ್ಷಗಳಿಂದ, ಯಾರೂ ಹೇಳದೆ, ಪ್ರತಿ ಚಳಿಗಾಲವೂ ಅದು ಮೇಲೆಯೇ ನಿಂತು ಬಾಗಿಲು ಹಾಕಿಕೊಳ್ಳುತ್ತದೆ. ಕೆಳಗಿನ ಕತ್ತಲಲ್ಲಿ ಮೀನುಗಳು ಉಸಿರಾಡುತ್ತವೆ.

ಬೆರಳು ಮರಗಟ್ಟಿದರೂ ಅವನು ಕೈ ಹೊರತೆಗೆಯಲಿಲ್ಲ.

“ನೀ ಆ ಬರ್ಫದ ಮ್ಯಾಲ ನಿಂತ್ರ ಅದು ತಡೀತದೇನು?”

“ಜೀಪ್ ನಿಂತ್ರೂ ತಡೀತದಪ್ಪಾ.”

“ಹಂಗಾರ ಫೋನ್ ಹಚ್ಚು,” ಎಂದ. “ಹೂಂ ಅನ್ನು. ಮೊದಲನೇ ಮೀನ ಕಂಡ ಕೂಡ್ಲೇ ನನಗ ವಿಡಿಯೋ ಕಳಿಸು.”