ಹಾರ್ನಿನ ವಾಯರ್

ಕಟಕ್ — ಅಡಕತ್ತರಿಯ ಸದ್ದು, ಇಷ್ಟು ಹೊತ್ತಿನಲ್ಲಿ ಅಡಿಕೆಯೇ, ಹಾಸಿಗೆಯ ಆ ಬದಿ ಕೈಯಾಡಿಸಿದರೆ ಖಾಲಿ, ಚಾದರ ತಣ್ಣಗಿದೆ, ಇವರು ಎದ್ದು ಬಹಳ ಹೊತ್ತಾಗಿರಬೇಕು, ಮತ್ತೆ ಕಟಕ್, ಪಡಸಾಲೆಯಿಂದಲ್ಲ, ಹಿತ್ತಲಿನಿಂದ, ನನ್ನ ಗಾಡಿ ನಿಂತಿರುವ ತಗಡಿನ ಚಪ್ಪರದಿಂದ — ಎದೆ ಹೊಡೆದುಕೊಳ್ಳುತ್ತಿದೆ, ಹೊಸದೇನಲ್ಲ, ಶಾಲೆಯಲ್ಲಿ ಹುಡುಗಿಯರಿಗೆ ವಿಜ್ಞಾನ ಕಲಿಸುವಾಗಲೂ ಬಾಗಿಲು ಬಡಿದರೆ ಸಾಕು ಹೀಗೆಯೇ, ಆದರೂ ಹೆದರುತ್ತಲೇ ಹೋಗಿ ಬಾಗಿಲು ತೆಗೆದವಳು ನಾನೇ, ಈಗಲೂ ಏಳುತ್ತೇನೆ, ಕಾಲ ಕೆಳಗೆ ಫರಸಿ ಕಲ್ಲು ತಂಪು, ಬೆಳಕಾದರೆ ತಾಂಡೂರಿನ ಅಬ್ದುಲ್ ಗನಿ ಬರುತ್ತಾನೆ, ನನ್ನ ಗಾಡಿಯನ್ನು ಕೊಂಡು ಓಡಿಸಿಕೊಂಡೇ ಹೋಗುತ್ತಾನಂತೆ, ಕರೆತರುವವರು ಇವರ ಅಣ್ಣ, ಭಾವ ಸಿದ್ರಾಮಪ್ಪ, ಮಾತು ಕೊಟ್ಟವರು ಇವರು, ನನ್ನನ್ನು ಕೇಳಿದವರು ಯಾರೂ ಇಲ್ಲ — ಎಲ್ಲ ಶುರುವಾದದ್ದು ಸುಲೇಪೇಟದ ನಿಶ್ಚಯದ ಊಟದಲ್ಲಿ, ಪಂಕ್ತಿಯ ಆ ತುದಿಯಿಂದ ಭಾವನ ಗಂಟಲು, ಯಾಕೋ ನಾಗೇಂದ್ರ, ನಿನ್ ಹೆಂಡ್ತಿ ಮಿಸ್ತ್ರಿ ಆಗ್ಯಾಳಂತಲ್ಲ, ಪಿಂಚಣಿ ಸಾಲ್ವಲ್ದೇನು, ನಾಳಿಗಿ ಪಂಚರ್ ಅಂಗಡಿ ಇಟ್ರ ಹೇಳಪಾ, ನನ್ ಸೈಕಲ್ಲೂ ತರ್ತೀನಿ — ಪಂಕ್ತಿಗೆ ಪಂಕ್ತಿಯೇ ನಕ್ಕಿತು, ನಾನು ತುಪ್ಪ ಬಡಿಸುತ್ತಿದ್ದೆ, ಉಗುರಿನ ಸಂದಿಯಲ್ಲಿ ಕರಿ ಎಣ್ಣೆ, ಸೆರಗಿನೊಳಗೆ ಮುಚ್ಚಿಕೊಳ್ಳಲಿಲ್ಲ, ಕೈಯನ್ನು ಅವರ ಎಲೆಯ ಮೇಲೇ ಚಾಚಿದೆ, ತುಪ್ಪ ಬೇಕೇನ್ರಿ ಭಾವಾರ, ಮಿಸ್ತ್ರಿ ಕೈಯಾಂದು ನಡೀತದಲ್ಲ — ನಗು ನಿಂತಿತು, ನಿಂತ ಆ ನಗುವಿಗೇ ಇವರು ಹೆದರಿದರೋ ಏನೋ, ಆ ಗಾಡಿ ಮಾರಿಬಿಡ್ತೀನಿ ಅಣ್ಣಾ, ಮಾತಂದ್ರ ಮಾತು, ಎಂದುಬಿಟ್ಟರು. ಇವರ ಮನೆತನದಲ್ಲಿ ಹೊಲ ಹೋದರೂ ಅಣ್ಣನಿಗೆ ಕೊಟ್ಟ ಮಾತು ಹೋಗುವುದಿಲ್ಲ. ಹೋಗಲಿ ಬಿಡಲಿ, ನಾನೊಂದು ವಾಕ್ಯ ತಯಾರು ಮಾಡಿಟ್ಟಿದ್ದೇನೆ, ಕನ್ನಡಿಯ ಮುಂದೆ ಎಷ್ಟೋ ಸಲ ಹೇಳಿ ನೋಡಿದ್ದೇನೆ, ಗಾಡಿ ನಂದದ, ಕೊಡಂಗಿಲ್ಲ, ಅಷ್ಟೇ, ಮೊದಲೂ ಇಲ್ಲ ಕೊನೆಯೂ ಇಲ್ಲ, ಗನಿಯ ಮುಂದೆ, ಭಾವನ ಮುಂದೆ, ಇಡೀ ಓಣಿಯ ಮುಂದೆ.

ಹಿತ್ತಲ ಕಿಟಕಿಯಲ್ಲಿ ಬೆಳಕು ಅಲುಗುತ್ತಿದೆ, ಇವರೇ, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದಾರೆ, ಕೈಯಲ್ಲಿ ಅಡಕತ್ತರಿ, ಹ್ಯಾಂಡಲ್ಲಿನ ಕೆಳಗಿಂದ ವಾಯರೊಂದು ತುಂಡಾಗಿ ಜೋತಾಡುತ್ತಿದೆ, ಕತ್ತರಿಸಿದ ತುದಿಯಲ್ಲಿ ತಾಮ್ರ ಮಿಂಚುತ್ತಿದೆ — ನನ್ನ ಗಾಡಿಯನ್ನು ಕತ್ತರಿಸುತ್ತಿದ್ದಾರೆ, ಕೂಗಬೇಕು, ಕೂಗುತ್ತೇನೆ, ಮಿಲಿಟರಿಯವರು ಬಿಟ್ಟುಹೋದ ಬಿ.ಎಸ್.ಎ. ಮೋಟಾರ್ ಸೈಕಲ್, ಕಲ್ಲುಗಣಿಯ ಮೂಲೆಯಲ್ಲಿ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು, ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ ಇನ್ನು ಆರಾಮ ಇರ್ರಿ ಟೀಚರ್ ಎಂದರು, ಮರುವಾರವೇ ಎತ್ತಿನ ಗಾಡಿಯಲ್ಲಿ ಇದನ್ನು ಹೇರಿಸಿಕೊಂಡು ಬಂದೆ, ಎಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ, ತಪ್ಪಾಗಿ ಕೂಡಿಸಿದೆ, ಮತ್ತೆ ಬಿಚ್ಚಿದೆ, ಒಂದು ಮಳೆಗಾಲವಿಡೀ ಕಿಡಿಯೇ ಇಲ್ಲ, ಕಡೆಗೆ ನೋಡಿದರೆ ಕಿಡಿ ಹುಟ್ಟಿಸುವ ಮ್ಯಾಗ್ನೆಟ್ಟಿನ ಪಾಯಿಂಟುಗಳ ನಡುವೆ ಒಂದು ಚೂರು ಬಿಳಿ ಕಲ್ಲಿನ ಹುಡಿ, ಈ ಶಹಾಬಾದದಲ್ಲಿ ಅನ್ನದಲ್ಲಿಯೂ ಬರುವ ಅದೇ ಹುಡಿ, ಆ ಎರಡು ಪುಟ್ಟ ತುದಿಗಳು ಕೂಡಿ ಬಿಡಬೇಕು, ಕೂಡದಿದ್ದರೆ ಕಿಡಿಯಿಲ್ಲ, ಕಾಗದದ ಚೂರು ತೂರಿಸಿ ಒರೆಸಿ ಕಿಕ್ ಒದ್ದೆ, ಎಂಜಿನ್ ಹತ್ತಿತು, ತಗಡು ನಡುಗಿತು, ನಾನು ಅಲ್ಲಿಯೇ ಕುಳಿತು ಅತ್ತೆ — ಅದನ್ನು ಇವರು ಅಡಕತ್ತರಿಯಿಂದ — ತಡೆ, ಬ್ಯಾಟರಿ ಕೈಗೆ ತೆಗೆದುಕೊಂಡು ಏನೋ ಗೊಣಗುತ್ತಿದ್ದಾರೆ, ಈಗ ಹ್ಯಾಂಗ್ ಚಾಲೂ ಆಗ್ತದೋ ನೋಡ್ತೀನಿ, ಒದ್ದು ಒದ್ದು ಗನಿ ಕಾಲು ಮುರ್ಕೊಳ್ಲಿ, ನನ್ ಮಾತೂ ಹೋಗ್ಬಾರ್ದು, ಅಕಿ ಗಾಡೀನೂ ಹೋಗ್ಬಾರ್ದು. ಕೂಗಲಿಲ್ಲ, ಕಿಟಕಿಯಿಂದ ಹಿಂದೆ ಸರಿದೆ. ಬಲ್ಬು ಬದಲಿಸಲಿಕ್ಕೂ ನನ್ನನ್ನು ಕರೆಯುವ ಮನುಷ್ಯ, ಗಾಡಿಯ ಜೀವನಾಡಿಯೆಂದು ತಿಳಿದು ಕತ್ತರಿಸಿದ್ದು ಹಾರ್ನಿನ ವಾಯರ್.

ಬೆಕ್ಕಿನ ಹೆಜ್ಜೆಯಲ್ಲಿ ಬಂದು ಮಲಗಿದರು, ನಾನು ಆಗಲೇ ಗೋಡೆಗೆ ಮುಖ ಮಾಡಿದ್ದೆ, ಅಂಗಾಲ ತಂಪು ತಾಗಿ ನಾನು ಎದ್ದದ್ದು ಗೊತ್ತಾದೀತೆಂದು ಕಾಲು ಮಡಚಿಕೊಂಡಿದ್ದೆ, ಗೊರಕೆ ಬಂದ ಮೇಲೆ ಎದ್ದೆ — ನನ್ನ ವಾಕ್ಯ ಈಗ ಎಲ್ಲಿಡಲಿ, ಕೊಡಂಗಿಲ್ಲ ಎಂದರೆ ಅಣ್ಣನ ಮುಂದೆ ಇವರ ತಲೆ ತಗ್ಗುತ್ತದೆ, ಕೊಟ್ಟರೆ ನನ್ನದು, ಕ್ಯಾಲೆಂಡರಿನ ಅಂಚು ಹರಿದೆ, ಮ್ಯಾಗ್ನೆಟ್ಟಿನ ಮುಚ್ಚಳ ಬೆರಳಿಗೆ ಗೊತ್ತು, ದೀಪ ಬೇಡ, ಕಾಗದವನ್ನು ಆ ಎರಡು ತುದಿಗಳ ನಡುವೆ ತೂರಿಸಿ ಮುಚ್ಚಳ ಹಾಕಿದೆ, ಇನ್ನು ಕಿಡಿಯಿಲ್ಲ, ಜೋತಾಡುವ ವಾಯರನ್ನು ಮುಟ್ಟಲಿಲ್ಲ, ಅದು ಇವರದು — ಬೆಳಗಾಯಿತು, ಚಹಾ ಆಯಿತು, ಗನಿ ಒದೆಯುತ್ತಿದ್ದಾನೆ, ಅಂಗಿ ಬೆನ್ನಿಗಂಟಿದೆ, ಒಂದಽ ಕಿಕ್ಕಿಗಿ ಹತ್ತತದ ಅಂದಿದ್ರಲ್ರೀ ಸಾವ್ಕಾರ್, ಪ್ಲಗ್ ಬಿಚ್ಚಿ ಹಿಡಿದು ನೋಡಿದ, ಕಿಡೀನೇ ಇಲ್ರಿ, ಮ್ಯಾಗ್ನೆಟ್ ಖತಂ, ಮುಫತ್ ಕೊಟ್ರೂ ಬ್ಯಾಡ ನನಗ — ಭಾವ ನನ್ನ ಕಡೆ ತಿರುಗಿದರು, ಇಷ್ಟ್ ದಿನ ಕುಂತು ಇದನ್ನೇನ್ ರಿಪೇರಿ ಮಾಡಿದ್ಯವ್ವಾ ಸೂಗಮ್ಮ, ಹೋಗು, ರೊಟ್ಟಿ ಬಡಿ, ಅದಾದ್ರೂ ಬರ್ತದಲ್ಲ — ಓಣಿ ನಕ್ಕಿತು, ಕೆನ್ನೆ ಉರಿಯಿತು, ಮುಚ್ಚಳ ಬಿಚ್ಚಿ ಕಾಗದ ಎಳೆದು ಒಂದೇ ಒದೆತಕ್ಕೆ ಈ ಓಣಿಯನ್ನೆಲ್ಲ ನಡುಗಿಸಬಲ್ಲೆ, ಬೆರಳು ಸೆರಗಿನೊಳಗೆ ತಿರುಗುತ್ತಿತ್ತು, ಬಿಚ್ಚಲಿಲ್ಲ, ನಗಲಿ, ಏನೂ ಬಾರದವಳು ಎನ್ನಲಿ, ಗಾಡಿ ನನ್ನ ಚಪ್ಪರದಲ್ಲಿದೆ, ಇನ್ನೊಂದ್ ಕಪ್ ಚಾ ತಗೋರಿ ಭಾವಾರ, ಎಂದೆ.

ಹೋದರು. ಇವರು ಚಪ್ಪರದ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ, ಕಣ್ಣು ಮಾತ್ರ ಹ್ಯಾಂಡಲ್ಲಿನ ಕೆಳಗೆ, ಮಗುವಿನ ಹಾಗೆ ಹಿಗ್ಗು, ಮಿಸ್ತ್ರಿ ಬಾಯೋರ, ಮತ್ತ ಚಾಲೂ ಆಗ್ತದೇನ್ರಿ ಇದು — ಆಗ್ತದ್ರಿ, ಒಂದ್ ವಾಯರ್ ತುಂಡಾಗ್ಯದ, ಇಲಿ ಕಡದದೋ ಏನೋ — ಇಲಿ ಭಾಳ ಆಗ್ಯಾವ ಈ ವರ್ಷ, ಎಂದರು ಗಂಭೀರವಾಗಿ. ನಾಳೆ ಇವರ ಎದುರಿಗೇ ಮೊದಲು ಹಾರ್ನಿನ ವಾಯರ್ ಕೂಡಿಸುತ್ತೇನೆ, ಕಾಗದ ಅದಕ್ಕೂ ಮೊದಲೇ ಒಲೆಗೆ ಹೋಗಿರುತ್ತದೆ, ಆಮೇಲೆ ಒದೆಯುತ್ತೇನೆ, ಹಗಲಿನಲ್ಲಿಯೇ, ಬಾಗಿಲು ತೆರೆದಿಟ್ಟೇ, ವಾಡಿಯ ರಸ್ತೆಗೆ ಹೋಗುತ್ತೇನೆ, ಸೆರಗು ಸಿಕ್ಕಿಸಿಕೊಂಡು, ಯಾರು ನೋಡಿದರೂ ನೋಡಲಿ, ಆದರೆ ಕಾಗದದ ಮಾತು ಭಾವನಿಗಿಲ್ಲ, ಓಣಿಗಿಲ್ಲ, ಇವರಿಗೂ ಇಲ್ಲ, ಯಾರಿಗೂ ಇಲ್ಲ — ಗಾಳಿ ಬಂತು, ವಾಯರ್ ಅಲುಗಿತು, ಅಡಕತ್ತರಿ ಕಡಿದ ತುದಿ, ಅದರಲ್ಲಿ ಅಷ್ಟೇ ಅಷ್ಟು ತಾಮ್ರ, ಮಿಂಚುತ್ತಿದೆ