ಗೌರಮ್ಮನವರ ಮದುವೆ ಸೀರೆ

ಊರಿಗೆಲ್ಲ ನೈಲಾನ್ ಸೀರೆಯ ಹುಚ್ಚು ಹಿಡಿದಿದ್ದ ಕಾಲ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿ ಜಯಶೀಲಾ ಒಬ್ಬಳು ಮಾತ್ರ ಅಜ್ಜಿಯ ಕಾಲದ ಉದ್ದತೋಳಿನ ರವಿಕೆ ತೊಟ್ಟು, ಮೊಳಕಾಲ್ಮೂರು ಸೀರೆ ಉಟ್ಟು ತರಕಾರಿಗೆ ಹೋಗುತ್ತಿದ್ದಳು. "ನಾಟಕದ ಕಂಪನಿಯಿಂದ ಬಂದ್ರಾ?" ಎಂದು ನೆರೆಯವರು ನಕ್ಕರೆ ತಾನೂ ನಗುತ್ತಿದ್ದಳು.

ಒಂದು ಬೆಳಗ್ಗೆ ಪಕ್ಕದ ಮನೆಯ ಶಾಂತಾದೇವಿ ಓಡಿಬಂದಳು.

"ಜಯಕ್ಕ, ತೀರ್ಕೊಂಡ ನಮ್ಮತ್ತೆ ಮದುವೆ ಸೀರೆ ಟ್ರಂಕಲ್ಲಿಲ್ಲ! ಹಳೇ ಜರಿ ಕೊಳ್ಳೋನು ಇವತ್ತು ಬರ್ತೀನಿ ಅಂದಿದ್ದ. ಕೆಲಸದ ಮರಿಯಮ್ಮನ್ನ ಕೇಳಿದ್ದಕ್ಕೆ ಪೊರಕೆ ಬಿಸಾಕಿ ಹೋದ್ಲು. ಅವಳೇ ಕದ್ದಿರೋದು."

ಜಯಶೀಲಾ ನಂಬಲಿಲ್ಲ. ಹಿಂದೊಮ್ಮೆ ಅಂಗಳದಲ್ಲಿ ಬಿದ್ದಿದ್ದ ತನ್ನ ಚಿನ್ನದ ಓಲೆಯನ್ನು ತಂದುಕೊಟ್ಟವಳು ಆ ಮರಿಯಮ್ಮ. ಅದೂ ಅಲ್ಲದೆ, ಬೆಳ್ಳಿ ತೆಗೆಯಲು ಜರಿ ಸೀರೆಯನ್ನು ಸುಟ್ಟೇ ಬಿಡುತ್ತಾರಲ್ಲ!

ಹೋಗಿ ಟ್ರಂಕಿನ ಮುಂದೆ ಕೂತಳು. ಉಳಿದ ಸೀರೆಗಳಿಗೆಲ್ಲ ನುಸಿಗುಳಿಗೆಯ ವಾಸನೆ. ತಳದಲ್ಲಿ ಮಾತ್ರ ಲಾವಂಚದ ಒಣಬೇರಿನ ಚೂರು. ಹಿಂದಿನವರು ರೇಷ್ಮೆಯ ಮಡಿಕೆಯೊಳಗೆ ಲಾವಂಚ ಇಡುತ್ತಿದ್ದರು. ಸೀರೆ ಎತ್ತಿದರೆ ಉದುರುತ್ತದೆ. ನೆಲ ನೋಡುತ್ತ ನಡೆದಳು. ಮನೆ ಗುಡಿಸದೆ ಇದ್ದದ್ದೇ ಒಳ್ಳೆಯದಾಯಿತು. ಚೂರುಗಳು ಶಾಂತಾದೇವಿಯ ಮಾವ ರೇವಣಸಿದ್ದಪ್ಪನವರ ಕೋಣೆಯ ಹೊಸ್ತಿಲವರೆಗೆ ಬಿದ್ದಿದ್ದವು.

"ತಾತ, ಒಳಗೆ ಬರ್ಲಾ?"

ಮುದುಕರು ಅವಳ ಕೈಯಲ್ಲಿದ್ದ ಬೇರನ್ನು ನೋಡಿದರು. ಹಾಸಿಗೆಯ ಸುರುಳಿ ಬಿಚ್ಚಿದರು. ಒಳಗೆ ದಾಳಿಂಬೆ ಬಣ್ಣದ ಸೀರೆ.

"ಸುಡಕ್ಕೆ ಕೊಡ್ತಾರೆ ಅಂತ ಕಿವಿಗೆ ಬಿತ್ತಮ್ಮ. ಗೌರಮ್ಮ ಇದನ್ನುಟ್ಟು ಬೇಗೂರಲ್ಲಿ ಗಾಡಿ ಇಳಿದಾಗ ಸೆರಗು ಬೇಲಿಗೆ ಸಿಕ್ಕಾಕೊಳ್ತು. ಎಲ್ಲರ ಎದುರಿಗೆ ನಾನೇ ಬಿಡಿಸ್ದೆ. ನಾಚ್ಕೊಂಡು ತಲೇನೇ ಎತ್ತಲಿಲ್ಲ ಅವಳು."

ಬಾಗಿಲಲ್ಲಿ ನಿಂತಿದ್ದ ಶಾಂತಾದೇವಿಯ ಮುಖ ಬಾಡಿತು. "ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಮನೆ ನಡೆಸೋಳು ನೀನು. ಬೇಡ ಅನ್ನಕ್ಕೆ ನಾಲಗೆ ಏಳಲಿಲ್ಲ. ಆದ್ರೆ ಮರಿಯಮ್ಮನ ತಲೆಮೇಲೆ ಬಂತಲ್ಲ, ಅದು ತಪ್ಪು. ನಾನೇ ಹೋಗಿ ಹೇಳ್ತೀನಿ."

"ಕಳ್ಳಿ ಅಂದಿದ್ದು ನಾನು. ನಾನೂ ಬರ್ತೀನಿ."

ಮಾವ ಸೊಸೆ ಬಿಸಿಲಲ್ಲೇ ಹೊರಟರು. ಮರಿಯಮ್ಮ ಮೊದಲು ಬಾಗಿಲು ತೆಗೆಯಲಿಲ್ಲವಂತೆ. ಮುದುಕರ ದನಿ ಕೇಳಿ ತೆಗೆದಳಂತೆ. ಮಾರನೆಯ ದಿನ ಕೆಲಸಕ್ಕೇನೋ ಬಂದಳು, ಶಾಂತಾದೇವಿಯೊಡನೆ ಮಾತ್ರ ಬಹಳ ದಿನ ಬಿಗಿದುಕೊಂಡೇ ಇದ್ದಳು.

ಜರಿಯವನು ಗೇಟಿನಿಂದಲೇ ಹಿಂದಿರುಗಿದ. ಆ ದೀಪಾವಳಿಗೆ ಜಯಶೀಲಾಳ ಕೈಲಿ ನೆರಿಗೆ ಹಿಡಿಸಿಕೊಂಡು ಶಾಂತಾದೇವಿ ಅದೇ ಸೀರೆ ಉಟ್ಟು ಹೊರಬಂದಳು. ರೇವಣಸಿದ್ದಪ್ಪ ಪೇಪರು ಕೆಳಗಿಟ್ಟು ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಕಾಫಿ ಮಾಡ್ತೀಯೇನಮ್ಮ?" ಎಂದರು.